ಒಂದೇ ಬಾಣಲೆ

ಅಡಿಲೇಡ್ ಏರ್‌ಪೋರ್ಟಿನಿಂದ ಬ್ಲೇರ್ ಅಥಾಲ್‌ಗೆ ಹೋಗುವಾಗ ಮಗಳು ಕಾರು ಓಡಿಸುತ್ತಲೇ ವಿಷಯ ಹೇಳಿದಳು. ತಾನು ಮದುವೆಯಾಗಬೇಕೆಂದಿರುವ ಹುಡುಗನ ಅಜ್ಜಿಯ ಮನೆಯಲ್ಲಿ ತಟ್ಟೆ ಇಡುವುದಿಲ್ಲವಂತೆ. ಎಲ್ಲರೂ ಒಂದೇ ಬಾಣಲೆಯ ಸುತ್ತ ನಿಂತು, ತಮ್ಮ ತಮ್ಮ ಚಮಚದಲ್ಲಿ ಒಂದು ತುತ್ತು ತೆಗೆದುಕೊಂಡು, ಒಂದು ಹೆಜ್ಜೆ ಹಿಂದೆ ಸರಿಯಬೇಕಂತೆ. ಬೇಡವೆಂದರೆ ಸಂಬಂಧವೇ ಬೇಡವೆಂದ ಹಾಗಂತೆ.

"ಇದನ್ನ ಈಗ ಹೇಳ್ತೀಯಲ್ಲೇ!" ಎಂದೆ.

"ಬಿಫೋರ್ ಹೇಳಿದ್ರೆ ಯು ವುಡಂಟ್ ಹ್ಯಾವ್ ಕಮ್, ಮಾಮ್."

ಹಿಂದಿನ ಸೀಟಿನಲ್ಲಿ ನಮ್ಮತ್ತೆ ಕಣ್ಣು ಮುಚ್ಚಿ ಕೂತಿದ್ದರು. ಮೈಸೂರಿನಿಂದ ಬಂದು ಪರ್ತ್ ಬಳಿಯ ಜೂಂಡಲಪ್‌ನ ನಮ್ಮ ಮನೆಯಲ್ಲಿ ನೆಲೆಸಿದ ಮೇಲೂ ಸೌಟು ತಟ್ಟೆಗೆ ತಗುಲಿದರೆ ಅದನ್ನು ತೊಳೆಯುವವರೆಗೆ ಪಾತ್ರೆಗೆ ಹಾಕಲು ಬಿಡದವರು. ಎಂಜಲು ಎಂದರೆ ಅವರಿಗೆ ಅಷ್ಟು ಕಟ್ಟುನಿಟ್ಟು. ನಾನೂ ನನ್ನ ಗಂಡನೂ ಗಣಿಗಳಲ್ಲಿ ಭೂವಿಜ್ಞಾನಿಗಳು, ವಾರಗಟ್ಟಲೆ ಮನೆಯಲ್ಲಿರುತ್ತಿರಲಿಲ್ಲ. ಮಗಳನ್ನು ಬೆಳೆಸಿದವರು ಅತ್ತೆಯೇ. ಹಾಗಾಗಿ ಅವಳು ಬ್ರಿಸ್ಬೇನಿನ ಫೋರ್ಟಿಟ್ಯೂಡ್ ವ್ಯಾಲಿಯ ಫ್ಲ್ಯಾಟಿನಿಂದ ಫೋನ್ ಮಾಡಿ ಖಡಾಖಂಡಿತವಾಗಿ ಹೇಳಿದ್ದಳು: ಅಜ್ಜಿ ಒಪ್ಪದಿದ್ದರೆ ಈ ಮದುವೆ ಇಲ್ಲ. ಗಂಡ ಸೈಟಿನಲ್ಲಿದ್ದ. ತಲೆನೋವೆಲ್ಲ ನನ್ನ ಪಾಲಿಗೆ ಬಿತ್ತು.

ಹುಡುಗನ ಅಜ್ಜಿ ಬಾಗಿಲಲ್ಲೇ ನಿಂತಿದ್ದರು, ಪಕ್ಕದಲ್ಲಿ ಹುಡುಗ. ಕುಳ್ಳಗಿನ, ನೆಟ್ಟಗಿನ ಹೆಂಗಸು. ಅಡುಗೆಮನೆಯ ಗೋಡೆಯ ಮೇಲೆ ಅವರ ಊರಿನ ಫೋಟೋ ಇತ್ತು. ಸ್ಪೇನಿನ ಒಳನಾಡಿನ ಹಳ್ಳಿ. ಸುಣ್ಣಕಲ್ಲಿನ ಬೋಳುಗುಡ್ಡ, ಅದರ ಬುಡದಲ್ಲಿ ಕೆಮ್ಮಣ್ಣು, ಆ ಮಣ್ಣಿನಲ್ಲಿ ದೂರ ದೂರ ನಿಂತ ಆಲಿವ್ ಮರಗಳು. ಇಷ್ಟು ಒಣ ನೆಲದಲ್ಲಿ ಜನ ಏನು ತಿಂದು ಬದುಕಿದರು ಎಂದು ಕೇಳಿಬಿಟ್ಟೆ. ಅವರು ಬಾಣಲೆ ಕೆದಕುತ್ತಲೇ ಹೇಳಿದರು. ಕುರಿ ಕಾಯುವವರ ಊರು ಅದು. ಹಿಂದೆ ಆಳಿದ ಅರಬರು ಕಟ್ಟಿಸಿದ ನೀರಿನ ತೊಟ್ಟಿ ಇನ್ನೂ ಇದೆ, ಅವರ ಮಸೀದಿಯ ಮೇಲೆ ಚರ್ಚು ಎದ್ದಿದೆ. ಅಂತರ್ಯುದ್ಧ ಮುಗಿದ ಮೇಲೆ ಬಂದ ಹಸಿವಿನ ವರ್ಷಗಳಲ್ಲಿ ಆಕೆ ಚಿಕ್ಕ ಹುಡುಗಿ. ಆಗ ಕಲ್ಲಿನಂತಾದ ಹಳೇ ಬ್ರೆಡ್ಡನ್ನು ನೀರು ಚಿಮುಕಿಸಿ ನೆನೆಸಿ, ಪುಡಿ ಮಾಡಿ, ಆಲಿವ್ ಎಣ್ಣೆ, ಬೆಳ್ಳುಳ್ಳಿ ಹಾಕಿ ಹುರಿಯುತ್ತಿದ್ದರಂತೆ. ಇವತ್ತೂ ಅದನ್ನೇ ಮಾಡಿದ್ದರು, ನಮಗೋಸ್ಕರ ಮಾಂಸ ಬಿಟ್ಟು. ಮೇಲೆ ಹಸಿರು ದ್ರಾಕ್ಷಿ. ನೋಡಲು ಥೇಟ್ ಉಪ್ಪಿಟ್ಟು.

ಬಾಣಲೆ ಮೇಜಿನ ನಡುವೆ ಬಂತು. ಹಿರಿಯ ಅತಿಥಿಯೇ ಮೊದಲು ಎಂದು ಅತ್ತೆಯ ಕೈಗೆ ಚಮಚ ಕೊಟ್ಟರು. ಅತ್ತೆ ಅದನ್ನು ಹಿಡಿದುಕೊಂಡು ಹಾಗೇ ನಿಂತರು. ಮಗಳ ಮುಖ ಬಿಳಿಚಿಕೊಂಡಿತು. ನನಗೆ ತಡೆಯಲಾಗಲಿಲ್ಲ, ನಗುತ್ತಾ ಒಂದು ತಟ್ಟೆ ಸಿಗಬಹುದೇ ಎಂದು ಕೇಳಿದೆ.

ಆ ಮುದುಕಿಯ ನಗು ಅಲ್ಲೇ ಆರಿಹೋಯಿತು. "ನಮ್ಮೂರಲ್ಲಿ ಬೇರೆ ತಟ್ಟೆ ಕೊಡುತ್ತಿದ್ದದ್ದು ಕ್ಷಯ ಇದ್ದವರಿಗೆ," ಎಂದರು ಇಂಗ್ಲಿಷಿನಲ್ಲಿ. "ನಿಮ್ಮ ಕಣ್ಣಿಗೆ ಇಲ್ಲಿ ರೋಗಿಗಳು ನಾವೇನು?"

ಹುಡುಗ ನೆಲ ನೋಡಿದ. ಅತ್ತೆಯ ಮೇಲೆ ಸಿಟ್ಟು ಉಕ್ಕಿತು. ಒಂದು ತುತ್ತು, ಕಣ್ಣು ಮುಚ್ಚಿ ನುಂಗಿದರೆ ಏನು ಗಂಟು ಹೋಗುತ್ತಿತ್ತು?

"ಅವರಿಗೆ ಏನಂತೆ ಕೋಪ?" ಎಂದರು ಅತ್ತೆ.

"ನಿಮಗೆ ಅಸಹ್ಯ ಅಂದ್ಕೊಂಡ್ರು."

"ಅಯ್ಯೋ ರಾಮ! ನಾನು ಬಾಯಿಗಿಟ್ಟ ಚಮಚ ಮತ್ತೆ ಇದಕ್ಕೆ ಹಾಕಿದ್ರೆ ಬೀಗಿತ್ತಿಗೆ ನನ್ನ ಎಂಜಲು ತಿನ್ನಿಸಿದ ಹಾಗಾಗಲ್ವೇನೇ? ಅಂಥಾ ಪಾಪ ಮಾಡ್ಲಾ?"

ಬೀಗಿತ್ತಿ ಅಂದರು! ಒಪ್ಪಿಗೆಯ ಮಾತು ಆಗಲೇ ಬಾಯಿಂದ ಬಂದಿತ್ತು; ಅದು ಅರ್ಥವಾಗಬೇಕಾದ ಇಬ್ಬರಿಗೆ ಕನ್ನಡ ಬರುತ್ತಿರಲಿಲ್ಲ. ಮಗಳು ಎಂಜಲು ಎಂದರೇನೆಂದು ಇಂಗ್ಲಿಷಿನಲ್ಲಿ ತಡವರಿಸುತ್ತಾ ವಿವರಿಸಲು ಹೊರಟಳು. ಅಷ್ಟರಲ್ಲಿ ಅತ್ತೆ ಚಮಚ ಕೆಳಗಿಟ್ಟು, ಸಿಂಕಿಗೆ ಹೋಗಿ ಮೊಣಕೈವರೆಗೆ ಕೈ ತೊಳೆದು ಬಂದು, ಸೀದಾ ಬಾಣಲೆಗೆ ಕೈ ಹಾಕಿದರು. ಆ ಮುದುಕಿ ಬೆಚ್ಚಿಬಿದ್ದರು. ನಾನಂತೂ ಎಲ್ಲ ಮುಗಿಯಿತು ಎಂದುಕೊಂಡೆ.

ಅತ್ತೆ ಒಂದು ತುತ್ತು ಕಟ್ಟಿ, ಮೇಲೊಂದು ದ್ರಾಕ್ಷಿ ಒತ್ತಿದರು. "ಕೈ ಒಡ್ಡು," ಎಂದರು ಮಗಳಿಗೆ. ಚಿಕ್ಕಂದಿನಲ್ಲಿ ಮೊಸರನ್ನದ ಕೈತುತ್ತಿಗೆ ಒಡ್ಡುತ್ತಿದ್ದ ಹಾಗೇ ಅವಳು ಅಂಗೈ ಚಾಚಿದಳು. ಆಮೇಲೆ ಹುಡುಗನಿಗೆ. ಆಮೇಲೆ ನನಗೆ. ಕೊನೆಗೆ ಇನ್ನೊಂದು ತುತ್ತು ಕಟ್ಟಿ ಬೀಗಿತ್ತಿಯ ಎದುರು ಹಿಡಿದು ನಿಂತರು.

ಆಕೆ ಆ ತುತ್ತನ್ನು ತುಂಬ ಹೊತ್ತು ನೋಡಿದರು. ನಂತರ ಏಪ್ರನ್ನಿಗೆ ಒರೆಸಿಕೊಂಡು ಅಂಗೈ ಮುಂದೆ ಮಾಡಿದರು. ಅತ್ತೆ ತುತ್ತನ್ನು ಅದರಲ್ಲಿಟ್ಟರು.

"ಬ್ರೆಡ್ಡು ಸಾಕಾಗದ ದಿನ ನಮ್ಮಮ್ಮ ಚಮಚಗಳನ್ನು ಬಚ್ಚಿಟ್ಟು ಹೀಗೇ ಕೊಡುತ್ತಿದ್ದಳು," ಎಂದರು. "ಯಾರಿಗೂ ಹೆಚ್ಚು ಕಡಿಮೆ ಆಗಬಾರದೆಂದು. ಕೊನೆಗೆ ತನಗೇ ಉಳಿಯುತ್ತಿರಲಿಲ್ಲ."

ಮಗಳು ಅದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಿದಳು, ಒಂದೂ ಇಂಗ್ಲಿಷ್ ಪದವಿಲ್ಲದೆ. ಅತ್ತೆ ಬಾಣಲೆಗೆ ಮತ್ತೆ ಕೈ ಹಾಕಿ, ತಮಗೆಂದು ಕಟ್ಟಿಕೊಂಡ ತುತ್ತನ್ನು ಎರಡು ಪಾಲು ಮಾಡಿ, ಒಂದನ್ನು ಬೀಗಿತ್ತಿಯ ಇನ್ನೂ ಚಾಚಿಯೇ ಇದ್ದ ಅಂಗೈಗೆ ಹಾಕಿದರು.