ಡಿಕ್ಷನರಿ ಅಕ್ಕನ ಸ್ಟೂಲು

ಬೆಳಗಿನ ಆರು ಗಂಟೆ. ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಫಿನಾಯಿಲ್ ವಾಸನೆಯ ಜೊತೆ ಒಂದು ಮಾಪ್ ಸರಿದಾಡುತ್ತಿದೆ. ಅದನ್ನು ಹಿಡಿದವರನ್ನು ಎಲ್ಲರೂ ‘ಡಿಕ್ಷನರಿ ಅಕ್ಕ’ ಎನ್ನುತ್ತಾರೆ. ನಲವತ್ತೆರಡು ಬೆಡ್, ದಿನಕ್ಕೆ ಹದಿನೆಂಟು ಬಕೆಟ್ ನೀರು, ಇಪ್ಪತ್ತೆರಡು ವರ್ಷದ ನೌಕರಿ. ಡಾಕ್ಟರುಗಳು ರೌಂಡ್ಸಿಗೆ ಬಂದಾಗ ಮಾತ್ರ ಈ ಮಾಪ್ ಆಮೆಗೂ ಅಣ್ಣನಾಗುತ್ತದೆ. ಅಕ್ಕನ ಕಿವಿಯೆಲ್ಲ ಅವರ ಇಂಗ್ಲಿಷಿನ ಮೇಲೆ.

ಓದಿದ್ದು ಏಳನೇ ಕ್ಲಾಸು. ಗಂಡ ಇದೇ ವಾರ್ಡಿನಲ್ಲಿ ಮಲಗಿದ್ದಾಗ ಡಾಕ್ಟರು ‘ಹಿಸ್ ಡೇಸ್ ಆರ್ ನಂಬರ್ಡ್’ ಎಂದಿದ್ದರು. ಅಕ್ಕ ಕೋಲೆಬಸವನ ಹಾಗೆ ತಲೆಯಾಡಿಸಿದ್ದರು. “ಮನೆಗೆ ಬರ್ತಾರೆ ಅಂದ್ಕೊಂಡು ಅಂಗಿ ಇಸ್ತ್ರಿ ಮಾಡ್ಸಿ ಇಟ್ಟೆ. ಮೂರನೇ ದಿನ ಅದನ್ನೇ ಹಾಕಿ ಕಳಿಸಿದ್ವಿ. ಆ ಮಾತಿಗೆ ‘ಇನ್ನು ಕೆಲವೇ ದಿನ’ ಅಂತ ಅರ್ಥ ಅನ್ನೋದು ಗೊತ್ತಾಗಿದ್ದು ಇಲ್ಲಿ ಕೆಲ್ಸಕ್ಕೆ ಸೇರಿದ್ಮೇಲೆ.”

ಅಂದಿನಿಂದ ಒಂದು ನೋಟ್‌ಬುಕ್ ಸೊಂಟದಲ್ಲೇ ಇದೆ. ಮಾತು ಕೇಳುತ್ತಾರೆ, ಬೆಡ್ ನಂಬರ್ ಬರೆದುಕೊಳ್ಳುತ್ತಾರೆ, ಆ ಬೆಡ್ಡಿನವರು ಏನಾದರೆಂದು ಕಾದು ನೋಡುತ್ತಾರೆ. “ ‘ಟಚ್ ಅಂಡ್ ಗೋ’ ಅಂದ ನಾಲ್ಕು ಜನರಲ್ಲಿ ಇಬ್ಬರು ನಡ್ಕೊಂಡು ಮನೆಗೆ ಹೋದ್ರು, ಇಬ್ಬರು ಉಳೀಲಿಲ್ಲ. ಅದಕ್ಕೆ ‘ಕತ್ತಿ ಅಂಚಿನ ಮೇಲೆ’ ಅಂತ ಬರ್ಕೊಂಡೆ. ‘ಔಟ್ ಆಫ್ ದ ವುಡ್ಸ್’ ಅಂದ ಒಂಬತ್ತು ಜನಾನೂ ಮನೆ ಸೇರಿದ್ರು. ಅದು ‘ಗಂಡಾಂತರ ಕಳೀತು’.”

ಆದರೆ ತಿಳಿದದ್ದನ್ನು ಬಾಯಿಬಿಡುವಂತಿಲ್ಲ. “ನೆಲ ಒರೆಸೋರು ನೆಲ ಒರೆಸಿದ್ರೆ ಸಾಕು” ಎಂದು ಹೆಡ್ ನರ್ಸ್ ಗದರಿಸಿಯಾಗಿದೆ. ಹಾಗಾಗಿ ಕೆಟ್ಟ ಸುದ್ದಿ ಕೇಳಲಿರುವವರ ಪಕ್ಕ ಅಕ್ಕ ಸುಮ್ಮನೆ ಒಂದು ಸ್ಟೂಲು ತಂದಿಡುತ್ತಿದ್ದರು. ನಿಂತಲ್ಲೇ ಕುಸಿಯದಿರಲಿ ಎಂಬುದಷ್ಟೇ ಅವರ ಕಾಳಜಿ.

ಮೊನ್ನೆ ಅದೇ ಎಡವಟ್ಟಾಯಿತು. ಏಳನೇ ಬೆಡ್ಡಿನವರ ಹೆಂಡತಿಗೆ ಒಂಬತ್ತು ದಿನ ನಿಂತೂ ನಿಂತೂ ಕಾಲು ಬಾತುಹೋಗಿತ್ತು. ಅಕ್ಕ ಅದನ್ನು ನೋಡಿ ಸ್ಟೂಲು ತಂದರು. ಆಕೆ ಹಿಂದೆ ಸರಿದು ಗೋಡೆಗೆ ಅಂಟಿಕೊಂಡರು.

“ಬೇಡ ಅಕ್ಕಾ, ನಾನು ಕೂರಲ್ಲ. ನಿಮ್ಮ ಸ್ಟೂಲು ಯಾರಿಗೆ ಬರುತ್ತೆ ಅಂತ ಇಡೀ ವಾರ್ಡಿಗೆ ಗೊತ್ತು.”

ಆಗಷ್ಟೇ ದೊಡ್ಡ ಡಾಕ್ಟರು ಆ ಬೆಡ್ಡಿನ ಮುಂದೆ ಜೂನಿಯರುಗಳಿಗೆ ಒಳ್ಳೆಯ ಸುದ್ದಿಯನ್ನೇ ಹೇಳಿ, ಹೆಂಡತಿಗೆ ಏನೂ ಹೇಳದೆ ಮುಂದೆ ಸಾಗಿದ್ದರು. ಅಕ್ಕ ಮಾಪ್ ಬಿಸಾಡಿ ಓಡಿದರು. ನೋಟ್‌ಬುಕ್ಕಿನ ಮಾತು ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವರ ಬಾಯಿಂದ ಬಂತು. “ಸರ್, ಬೆಡ್ ಸೆವೆನ್, ಔಟ್ ಆಫ್ ದ ವುಡ್ಸ್. ಅವರ ಹೆಂಡ್ತಿಗೆ ನೀವೇ ಹೇಳಿ ಸರ್.”

ಹೆಡ್ ನರ್ಸ್ ಕೆಂಡಾಮಂಡಲವಾದರು. ಡಾಕ್ಟರು ಅಕ್ಕನ ಮುಖವನ್ನೇ ನೋಡಿ, ತಿರುಗಿ ಬಂದರು. “ನಿಮ್ಮ ಯಜಮಾನ್ರಿಗೆ ಇನ್ನು ಭಯ ಇಲ್ಲಮ್ಮ” ಎಂದರು. ಆಗ ಆಕೆ ಸ್ಟೂಲಿನ ಮೇಲೆ ಕುಳಿತು ಮನಸಾರೆ ಅತ್ತರು.

ಈಗ ಅಕ್ಕ ಕಾಯುವವರಿಗೆಲ್ಲ ಸ್ಟೂಲು ಹಾಕುತ್ತಾರೆ. ಏಳು ಸಿಕ್ಕಿವೆ, ಇನ್ನಷ್ಟಕ್ಕೆ ಸ್ಟೋರಿನವರ ಬೆನ್ನುಬಿದ್ದಿದ್ದಾರೆ. ಮತ್ತೇನು ಆಸೆ ಎಂದು ಕೇಳಿದರೆ ಬಕೆಟ್ ಎತ್ತಿಕೊಳ್ಳುತ್ತಲೇ ಹೇಳುತ್ತಾರೆ: “ಡಾಕ್ಟ್ರು ಎಲ್ರಿಗೂ ಅರ್ಥ ಆಗೋ ಹಾಗೆ ಹೇಳ್ಬಿಟ್ರೆ ನನ್ನ ನೋಟ್‌ಬುಕ್ ಯಾರಿಗೆ ಬೇಕು? ಸ್ಟೂಲು ಬರೀ ಕಾಲುನೋವಿಗೆ ಆದ್ರೆ ಸಾಕು.”