ಅಕ್ಕನ ಮಾತನ್ನು ತಮಿಳಿಗೆ ತಿರುಗಿಸಿದ ದಿನ

ಅಕ್ಕ ತೀರಿಹೋಗಿ ಏಳು ತಿಂಗಳಾಯಿತು. ತಮಿಳುನಾಡಿನ ತೇನಿಯಿಂದ ಆಂಡಿಪಟ್ಟಿಗೆ ಹೋಗುವ ದಾರಿಯ ನೂಲಿನ ಮಿಲ್ಲಿನಲ್ಲಿ ಅವಳು ಹತ್ತಿ ಹಿಂಜುವ ಯಂತ್ರದ ಮುಂದೆ ನಿಲ್ಲುತ್ತಿದ್ದಳು, ನಾನು ಆಫೀಸಿನಲ್ಲಿ ಕೂರುತ್ತಿದ್ದೆ. ಅವಳನ್ನು ಆ ಕೆಲಸಕ್ಕೆ ಸೇರಿಸಿದವನೂ ನಾನೇ.

ಗಾಳಿ ಮಾಲಿನ್ಯ ತಡೆಯುವುದಕ್ಕೆ ಸಂಬಂಧಿಸಿದ ಪದಗಳನ್ನು ಬರೆದು ಗೋಡೆಗೆ ಅಂಟಿಸಿ, ಕೆಲಸದವರಿಗೆ ಹೇಳಿಕೊಡುವುದು ನನ್ನ ಪಾಲಿಗೆ ಬಂದಿತ್ತು. ಯಂತ್ರದ ಬಾಯಲ್ಲೇ ಧೂಳು ಹಿಡಿಯುವ ತಗಡಿನ ಮುಚ್ಚಳ ಹುಡ್. ಗಾಳಿಯನ್ನು ಗಿರಗಿರನೆ ಸುತ್ತಿಸಿ ದಪ್ಪ ಧೂಳನ್ನು ಕೆಳಗೆ ಬೀಳಿಸುವುದು ಸೈಕ್ಲೋನ್. ಉಳಿದ ಸಣ್ಣ ಧೂಳನ್ನು ಬಟ್ಟೆಯ ಚೀಲಗಳಲ್ಲಿ ಸೋಸುವುದು ಬ್ಯಾಗ್ ಫಿಲ್ಟರ್. ಕಣ್ಣಿಗೆ ಕಾಣದೆ ಎದೆಗಿಳಿಯುವ ಧೂಳಿಗೂ ಒಂದು ಹೆಸರಿತ್ತು. ತಮಿಳಿನಲ್ಲಿ ಓದಿ, ನಮ್ಮವರಿಗೆ ಮನೆಮಾತು ಕನ್ನಡದಲ್ಲಿ ಬಿಡಿಸಿ ಹೇಳಿದೆ.

"ಬಟ್ಟೇಲಿ ರಾಗಿಹಿಟ್ಟು ಸೋಸ್ದಂಗೆ ಅನ್ನು. ಅದ್ಕೆ ಇಷ್ಟುದ್ದ ಹೆಸ್ರಾ?" ಎಂದು ಅಕ್ಕ ನಕ್ಕಳು. "ಆ ಚೀಲ ನಮ್ ಮಿಲ್ಲಲ್ಲೂ ಐತಾ ತಮ್ಮಾ?"

"ಐತಕ್ಕಾ" ಎಂದೆ.

ಚೀಲ ಇತ್ತು. ಅದು ಧೂಳು ಕಟ್ಟಿಕೊಂಡು ಮೋಟರ್ ಬಿಸಿಯಾಗುತ್ತದೆಂದು, ಧೂಳನ್ನು ಚೀಲಕ್ಕೆ ಎಳೆಯುವ ಫ್ಯಾನನ್ನೇ ನಿಲ್ಲಿಸಿ ತಿಂಗಳುಗಳಾಗಿದ್ದವು. ತಪಾಸಣೆಯ ದಿನ ಮಾತ್ರ ಓಡಿಸುತ್ತಿದ್ದರು. ಸ್ವಿಚ್ ಯಾವಾಗ ಹಾಕಬೇಕು, ಯಾವಾಗ ತೆಗೆಯಬೇಕು ಎಂದು ಹೇಳಿ ಕಳಿಸುತ್ತಿದ್ದವನು ನಾನು.

ಒಂದು ಸಲ ತಪಾಸಣೆಗೆ ಬಂದ ಅಧಿಕಾರಿ ನೇರವಾಗಿ ಅಕ್ಕನ ಬಳಿ ನಿಂತು, ಈ ಫ್ಯಾನು ದಿನವೂ ಓಡುತ್ತದೆಯೇ ಅಮ್ಮಾ ಎಂದು ತಮಿಳಿನಲ್ಲಿ ಕೇಳಿದರು. ಅಕ್ಕನಿಗೆ ತಮಿಳು ನನಗಿಂತ ಚೆನ್ನಾಗಿ ಬರುತ್ತಿತ್ತು. ಕಂಬಂ ಪೇಟೆಯಲ್ಲಿ ದ್ರಾಕ್ಷಿ ಕೂಗಿ ಮಾರಿದವಳು. ಆದರೂ ನನ್ನ ಮುಖ ನೋಡಿ ಮನೆಮಾತಿನಲ್ಲೇ ಹೇಳಿದಳು:

"ಇವ್ರು ಬಂದ ದಿನ ಓಡ್ತದೆ. ಮಿಕ್ಕ ದಿನ ದೂಸಿಯೆಲ್ಲಾ ನಮ್ಮೆದೇಲೇ. ಹೇಳು ತಮ್ಮಾ, ನೀನೇ ಹೇಳು."

ಅಧಿಕಾರಿ ನನ್ನತ್ತ ತಿರುಗಿದರು. "ದಿನವೂ ಓಡುತ್ತದಂತೆ ಸಾರ್" ಎಂದು ತಮಿಳಿನಲ್ಲಿ ಹೇಳಿದೆ.

ನಮ್ಮ ಮಾತು ಹೊರಗಿನವರಿಗೆ ತಿಳಿಯದು. ಅಂಗಡಿಯಲ್ಲಿ, ಬಸ್ಸಿನಲ್ಲಿ ಗುಟ್ಟು ಹೇಳಿಕೊಳ್ಳಲು ಚಿಕ್ಕಂದಿನಿಂದ ಅದನ್ನು ಬಳಸಿದವರು ನಾವಿಬ್ಬರು. ಅಕ್ಕ ನನ್ನನ್ನು ತಿದ್ದಬಹುದಿತ್ತು. ತಿದ್ದಿದ್ದರೆ ನನ್ನ ಕೆಲಸ ಹೋಗುತ್ತಿತ್ತು. ಸೆರಗಿನಿಂದ ಮೂಗು ಮುಚ್ಚಿಕೊಂಡು ಯಂತ್ರದ ಕಡೆ ತಿರುಗಿದಳು. ಜೀಪು ಗೇಟು ದಾಟಿದ ಮೇಲೆ ಫ್ಯಾನು ನಿಂತಿತು.

ಎರಡು ವರ್ಷದ ಮೇಲೆ ತೇನಿಯ ಆಸ್ಪತ್ರೆಯಲ್ಲಿ ಡಾಕ್ಟರು, ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದರು. ಅಷ್ಟು ಹೊತ್ತಿಗಾಗಲೇ ಒಂದು ವಾಕ್ಯ ಮುಗಿಸಲು ಅವಳು ಮೂರು ಸಲ ಉಸಿರೆಳೆದುಕೊಳ್ಳಬೇಕಾಗಿತ್ತು. ಅವಳ ಪರವಾಗಿ ಹೇಳಲು ನಾನು ಬಾಯಿ ತೆರೆದೆ.

"ನೀನಿರು ತಮ್ಮಾ" ಎಂದಳು, ಕೋಪವಿಲ್ಲದೆ.

ಮಿಲ್ಲು, ಹತ್ತಿಯ ಧೂಳು, ನಿಂತ ಫ್ಯಾನು, ಎಲ್ಲವನ್ನೂ ತಮಿಳಿನಲ್ಲಿ ತಡೆತಡೆದು ತಾನೇ ಹೇಳಿದಳು. ಫ್ಯಾನು ಯಾರು ನಿಲ್ಲಿಸಿದ್ದು ಎಂದು ಡಾಕ್ಟರು ಕೇಳಿದಾಗ ಮಾತ್ರ ಸುಮ್ಮನಾದಳು.

ನಾನೂ ಸುಮ್ಮನಿದ್ದೆ.