ಒಣಬೇವಿನ ಈಚೆ

ಮೋಟಾರು ದೋಣಿಯನ್ನು ನಿಲ್ಲಿಸಿದ್ದು ಪಂಚಾಯಿತಿಯ ಸಭೆಯಲ್ಲ, ಹಳೇ ಸೀರೆ ಸೇರಿಸಿ ಹೊಲಿದ ನನ್ನ ಕೌದಿ. ಬೇಕೆಂದೇ ನೀರಿಗೆ ಬಿಟ್ಟೆನೆಂದು ಈಗಲೂ ಕೆಲವರು ಆಡಿಕೊಳ್ಳುತ್ತಾರೆ. ಬಿಟ್ಟಿಲ್ಲ. ಬಿಡುವಷ್ಟು ಸಿಟ್ಟಂತೂ ಇತ್ತು.

ನಮ್ಮದು ಬೀಳಗಿ ಕಡೆ, ಹಿನ್ನೀರಿನ ದಂಡೆಯ ಊರು. ಬಟ್ಟೆ ಒಗೆಯುವುದು, ಎಮ್ಮೆಗೆ ನೀರು ಕುಡಿಸುವುದು, ಮೀನಿಗೆ ಬಲೆ ಹಾಕುವುದು ಎಲ್ಲ ಒಂದೇ ಕಡೆ. ಆ ಜಾಗ ಕೈತಪ್ಪಿದರೆ ನಮಗೆ ಬೇರೆ ಇಲ್ಲ. ಉಳಿದಲ್ಲೆಲ್ಲ ಮೊಣಕಾಲುದ್ದ ಹೂಳು. ಹೋದ ವರ್ಷ ಜಮಖಂಡಿ ಕಡೆಯವನೊಬ್ಬ ಮೋಟಾರು ದೋಣಿ ತಂದು ಮಂದಿಯನ್ನು ಸುತ್ತಾಡಿಸತೊಡಗಿದ. ಅಂದಿನಿಂದ ನನಗೆ ಕುಳಿತಲ್ಲಿ ಕೂಡಲಾಗಲಿಲ್ಲ. ರೊಟ್ಟಿ ಬಡಿಯುವಾಗಲೂ ಕಿವಿ ನೀರಿನ ಕಡೆಗೇ. ನೀರ ಮೇಲೆ ಎಣ್ಣೆ ತೇಲಿತು. ಎಮ್ಮೆ ಮೂಸಿ ಹಿಂದೆ ಸರಿಯಿತು. ನಡುಗಡ್ಡೆಯಲ್ಲಿ ಹಕ್ಕಿಗಳಿಟ್ಟ ಮೊಟ್ಟೆಗಳನ್ನು ಅಲೆ ಎಳೆದುಕೊಂಡು ಹೋಯಿತು. ಅಲೆ ಬಡಿದು ಸೊಸೆ ಕಲ್ಲಿನ ಮೇಲೆ ಬಿದ್ದು ಮೊಣಕೈ ತರಚಿಕೊಂಡಳು. ಪಂಚಾಯಿತಿಯವರು ಸಭೆ ಕೂಡಿಸಿದರು, ಚಹಾ ಕುಡಿದರು, ಎದ್ದು ಹೋದರು.

ನಮ್ಮಲ್ಲೊಂದು ರೂಢಿಯಿದೆ. ಹೆಂಗಸರು ನೀರಿಗಿಳಿದಿದ್ದರೆ ಗಂಡಸು ದೂರದಲ್ಲೇ ನಿಂತು ‘ಬರಲೇನ್ರೆವ್ವಾ?’ ಎಂದು ಕೂಗಬೇಕು; ‘ಬಾ’ ಅಂದ ಮೇಲೆ ಬರಬೇಕು. ದೋಣಿಯವನೂ ಕೂಗುತ್ತಿದ್ದನಂತೆ. ಎಂಜಿನ್ನಿನ ಗದ್ದಲದಲ್ಲಿ ನಮಗೆ ಅವನ ಕೂಗು ಕೇಳದು, ಅವನಿಗೆ ನಮ್ಮ ಬೈಗುಳ ಕೇಳದು. ಬೇಡ ಅನ್ನಲಿಲ್ಲವಲ್ಲ ಎಂದುಕೊಂಡು ನುಗ್ಗುತ್ತಿದ್ದ.

ಯುಗಾದಿಗೆ ಮುಂಚೆ ಮನೆಯ ಕೌದಿಗಳನ್ನೆಲ್ಲ ಒಗೆಯುವುದು ನಮ್ಮ ವಾಡಿಕೆ. ನೆನೆದ ಕೌದಿ ಎಮ್ಮೆಗರುವಿನಷ್ಟು ಭಾರ. ನಾನು ಅದನ್ನು ಜಾಲಾಡಿಸುತ್ತಿದ್ದಾಗ ದೋಣಿ ಹತ್ತಿರವೇ ತಿರುಗಿತು. ಅಲೆ ಬಂತು, ಕೌದಿ ಕೈಜಾರಿತು. ಮರುಗಳಿಗೆ ದೋಣಿಯ ಹಿಂದಿನ ಫ್ಯಾನಿಗೆ ಸುತ್ತಿಕೊಂಡಿತು; ಎಂಜಿನ್ನು ಗೊರಕೆ ಹೊಡೆದು ನಿಂತೇಬಿಟ್ಟಿತು. ಗಾಳಿಗೆ ದೋಣಿ ನಡುನೀರಿಗೆ ಸರಿಯತೊಡಗಿತು. ಒಳಗಿದ್ದ ಮುಧೋಳದ ಮಂದಿ ಬೊಬ್ಬೆ ಹಾಕಿದರು.

ನಮ್ಮೂರ ಮೀನುಗಾರನೊಬ್ಬ ಹರಗೋಲು ತಿರುಗಿಸುತ್ತ ಹತ್ತಿರ ಹೋದ. ಅವನ ಬಲೆಯನ್ನು ಇದೇ ದೋಣಿ ಹರಿದಿತ್ತು. ನೀರಿನಿಂದ ತುದಿಯಷ್ಟೇ ಕಾಣುವ ಒಣಬೇವಿನ ಮರ ತೋರಿಸಿ ಹೇಳಿದ:

“ಎಳೀತೇನಿ ತಮ್ಮಾ. ಆದ್ರ ಇನ್ಮ್ಯಾಲೆ ಆ ಬೇವಿನ ಈಚಿಗೆ ಎಂಜಿನ್ನು ಬಂದ್. ಹುಟ್ಟು ಹಾಕ್ಕೊಂಡು ಬಾ.”

“ಮದಲ ಎಳಿಯಣ್ಣಾ, ಆಮ್ಯಾಲೆ ಮಾತಾಡೂನು.”

“ಮದಲ ಮಾತಾಡೂನು. ನನಗೇನು ಅವಸರಿಲ್ಲ.”

ದೋಣಿಯಲ್ಲಿದ್ದ ಹೆಂಗಸೇ ಚೀರಿದಳು: “ಹೂಂ ಅನ್ನೋ! ನಮ್ಮನ್ನ ಇಲ್ಲೇ ಇಟಗೋತೀ ಏನು?”

ದೋಣಿಯವನು ಹೂಂ ಅಂದ. ದಂಡೆ ಮುಟ್ಟಿದ ಮೇಲೆ ನನ್ನ ಕಡೆ ತಿರುಗಿದ.

“ಆಯಿ, ಬೇಕಂತಲೇ ಬಿಟ್ರಿ, ಖರೆ ಹೇಳ್ರಿ.”

“ಕೌದಿಗೆ ಕಣ್ಣಿಲ್ಲೋ ತಮ್ಮಾ. ನಿನಗ ಅದಾವಲ್ಲ?”

ಕೌದಿ ಚಿಂದಿಯಾಗಿತ್ತು, ಕಸದ ಪಾಲಾಯಿತು. ಅಳಲಿಲ್ಲ, ಬಟ್ಟೆ ಇದ್ದರೆ ಇನ್ನೊಂದು ಹೊಲಿಯಬಹುದು. ಆದರೆ ಅವನ ಹೂಂ ಮೇಲೆ ನನಗೆ ನಂಬಿಕೆ ಇರಲಿಲ್ಲ. ಸಿಕ್ಕಿಬಿದ್ದಾಗ ಯಾರಾದರೂ ಹೂಂ ಅನ್ನುತ್ತಾರೆ.

ಮರುದಿನ ಬೆಳಿಗ್ಗೆ ಉಳಿದ ಕೌದಿ ಹೊತ್ತುಕೊಂಡು ಎಲ್ಲರಿಗಿಂತ ಮೊದಲೇ ನೀರಿಗಿಳಿದೆ. ಎಂಜಿನ್ನಿನ ಸದ್ದು ಬಂತು. ಕೈ ಕೌದಿಯನ್ನು ಗಟ್ಟಿಯಾಗಿ ಹಿಡಿಯಿತು. ಬೇವಿನ ಹತ್ತಿರ ಸದ್ದು ನಿಂತಿತು. “ಬರಲೇನ್ರೆವ್ವಾ?” ಎಂಬ ಕೂಗು ಮೊದಲ ಸಲ ಕಿವಿಗೆ ಬಿತ್ತು.

ನಾನು ಬಾ ಅನ್ನಲಿಲ್ಲ. ಕೌದಿ ಮಗುಚಿ, ಇನ್ನೊಂದು ಬದಿಗೆ ಸಬಕಾರ ಹಚ್ಚಿದೆ.